ಅಂಗವೈಕಲ್ಯ ಬಂದರೆ ಸರ್ಕಾರಿ ಕೆಲಸ ಹೋಗುತ್ತದಾ? ಇಲ್ಲ

ಕಾಸರಗೋಡಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಕೆಲಸದಲ್ಲಿರುವಾಗ ಅಂಗವೈಕಲ್ಯ ಶೇ. 40 ದಾಟಿದರೆ ಸರ್ಕಾರ ಮನೆಗೆ ಕಳಿಸಬಹುದು.’ ಇದು ತಪ್ಪು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 20(4) ನೋಡಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಹಳೆ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ವಾ? ಹೊಂದುವ ಹುದ್ದೆ ಸಿಗುವವರೆಗೆ, ಸಿಗದಿದ್ದರೆ ನಿವೃತ್ತಿಯವರೆಗೆ, ಅವರಿಗಾಗಿಯೇ ಸೃಷ್ಟಿಸಿದ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಸರ್ಕಾರಿ ಬಸ್ ಡ್ರೈವರಿಗೆ ದೃಷ್ಟಿ ಹೋದರೆ ಸೀಟಿನಿಂದ ಎಬ್ಬಿಸಬಹುದು, ಸಂಬಳ ಕಡಿಮೆ ಮಾಡುವಂತಿಲ್ಲ.

ಶೇ. 40ರ ಲೆಕ್ಕ ಬರುವುದು ಮೀಸಲಾತಿಯಂಥ ಸೌಲಭ್ಯಕ್ಕೆ. ಯಾರೋ ಎರಡನ್ನೂ ಕಲಸಿಬಿಟ್ಟಿದ್ದಾರೆ.

ಬದಿಯಡ್ಕ ಕಡೆಯ ನನ್ನ ಪರಿಚಯದವರೊಬ್ಬರು ಆ ಸಂದೇಶ ನಂಬಿ, ರಾಜೀನಾಮೆ ಬರೆದು ಅಂಗಿ ಜೇಬಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಮಡಿಕೆಯಲ್ಲಿ ಕಾಗದ ಹರಿಯುತ್ತಾ ಬಂದಿತ್ತು. ‘ಸುಮ್ನೆ ಕೊಡ್ಬೇಡಿ ಮಾರಾಯ್ರೆ’ ಎಂದೆ. ತಾನಾಗಿಯೇ ಬಿಟ್ಟವರಿಗೆ ಆಮೇಲೆ ಈ ರಕ್ಷಣೆ ಕೇಳುವುದು ಕಷ್ಟ, ಅಲ್ವಾ?

ತೊಂದರೆಯಾದರೆ ಕಚೇರಿಯ ಕುಂದುಕೊರತೆ ಅಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಡಿ. ದಾಖಲಾದ 2 ವಾರದೊಳಗೆ ವಿಚಾರಣೆ ನಡೆಸಬೇಕು. 20(4) ಖಾಸಗಿಯವರಿಗೆ ಅನ್ವಯಿಸುವುದಿಲ್ಲ. ಆದರೆ ಅವರೂ ಸಮಾನ ಅವಕಾಶ ನೀತಿ ಪ್ರಕಟಿಸಲೇಬೇಕು.