ಸ್ಪಷ್ಟನೆ: ರಕ್ತಪರೀಕ್ಷೆಯ ಒಂದು ಅಂಕಿ ಆಯುಷ್ಯದ ಲೆಕ್ಕವಲ್ಲ

‘ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಯ ನ್ಯೂಟ್ರೋಫಿಲ್–ಲಿಂಫೋಸೈಟ್ ಅನುಪಾತ 3 ದಾಟಿದರೆ ಚಿಕಿತ್ಸೆ ಫಲಿಸದು, ಪ್ರೋಟೀನ್ ಪುಡಿ ಸೇವಿಸಿ ಆಲ್ಬುಮಿನ್ ಏರಿಸಿಕೊಂಡರೆ ರೋಗ ಹತೋಟಿಗೆ ಬರುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅದರ ಎರಡೂ ಮಾತುಗಳು ತಪ್ಪು. (ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ಬಿಳಿ ರಕ್ತಕಣದ ಬಗೆಗಳು; ಆಲ್ಬುಮಿನ್ ರಕ್ತದಲ್ಲಿರುವ ಒಂದು ಪ್ರೋಟೀನ್.)

ಅನುಪಾತ ಹೆಚ್ಚಿರುವ, ಆಲ್ಬುಮಿನ್ ಕಡಿಮೆಯಿರುವ ರೋಗಿಗಳಲ್ಲಿ, ಅದರಲ್ಲೂ ರೋಗ ದೇಹದ ಬೇರೆಡೆಗೆ ಹರಡಿದವರಲ್ಲಿ, ಬದುಕುಳಿಯುವ ಅವಧಿ ಸರಾಸರಿಯಲ್ಲಿ ಕಡಿಮೆಯೆಂದು ಹಲವು ಅಧ್ಯಯನಗಳು ತೋರಿಸಿರುವುದು ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಹಳೆಯ ದಾಖಲೆಗಳನ್ನು ಆಧರಿಸಿದವು. ಅಪಾಯದ ಗಡಿಯೂ ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ನ್ಯೂಟ್ರೋಫಿಲ್ 4,500, ಲಿಂಫೋಸೈಟ್ 1,500 ಇದ್ದರೆ ಅನುಪಾತ 3. ಅದೇ ವ್ಯಕ್ತಿಗೆ ಸೋಂಕು ತಗುಲಿದರೆ, ಅಥವಾ ಪ್ರಾಸ್ಟೇಟ್ ಕ್ಯಾನ್ಸರ್‌ನ ಔಷಧಿ ಅಬಿರಾಟೆರೋನ್ ಜೊತೆಗೆ ಕೊಡುವ ಸ್ಟೀರಾಯ್ಡ್ ಪ್ರೆಡ್ನಿಸೋಲೋನ್‌ನಿಂದಲೇ, ಗಡ್ಡೆ ಎಳ್ಳಷ್ಟೂ ಬೆಳೆಯದಿದ್ದರೂ ಅದು ಏರಬಹುದು. ಆಲ್ಬುಮಿನ್ ಕೂಡ ಬರೀ ಊಟದ ಅಳತೆಯಲ್ಲ: ಉರಿಯೂತವಿದ್ದಾಗ ಯಕೃತ್ತು ಅದರ ತಯಾರಿಕೆಯನ್ನೇ ತಗ್ಗಿಸುತ್ತದೆ, ಕೆಲವು ಮೂತ್ರಪಿಂಡದ ಕಾಯಿಲೆಗಳಲ್ಲಿ ಅದು ಮೂತ್ರದಲ್ಲಿ ಸೋರಿಹೋಗುತ್ತದೆ. ಪುಡಿ ಸೇವಿಸಿ ಆ ಅಂಕಿಯನ್ನು ಏರಿಸಿದರೆ ಕ್ಯಾನ್ಸರ್ ಹಿಮ್ಮೆಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ. (ಪೌಷ್ಟಿಕ ಆಹಾರ ಬೇಡವೆಂದು ಇದರ ಅರ್ಥವಲ್ಲ.)

ಚಿಕಿತ್ಸೆಯ ನಿರ್ಧಾರ ಮುಖ್ಯವಾಗಿ ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನ್ ಅಳೆಯುವ ರಕ್ತಪರೀಕ್ಷೆಯಾದ ಪಿಎಸ್‌ಎ, ಬಯಾಪ್ಸಿಯ ಗ್ಲೀಸನ್ ಅಂಕ (ಕ್ಯಾನ್ಸರ್ ಎಷ್ಟು ಉಗ್ರ ಎಂಬುದರ ಅಳತೆ), ರೋಗದ ಹಂತ ಮತ್ತು ರೋಗಿಯ ಒಟ್ಟು ಆರೋಗ್ಯವನ್ನು ಅವಲಂಬಿಸಿದೆ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.