"ಹೂಂ ಸಾರ್" ಎಂದ ಮಾತ್ರಕ್ಕೆ ಅರ್ಥವಾಗಿದೆ ಎಂದಲ್ಲ

ಕಳೆದ ವರ್ಷ ನನ್ನ ತಾಯಿಗೆ ಸಂಧಿವಾತಕ್ಕೆಂದು ಮೆಥೋಟ್ರೆಕ್ಸೇಟ್ ಗುಳಿಗೆ ಬರೆದುಕೊಟ್ಟರು. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಚೀಟಿಯಲ್ಲಿ ಹಾಗೆಂದೇ ಬರೆದಿತ್ತು, ಆದರೆ ಇಂಗ್ಲಿಷಿನಲ್ಲಿ. ವೈದ್ಯರು ಬಾಯಲ್ಲೂ ಹೇಳಿ, "ಗೊತ್ತಾಯ್ತಾ ಅಮ್ಮ?" ಎಂದು ಕೇಳಿದ್ದರಂತೆ. ನಾನು ಆಗ ಬಿಲ್ಲು ಕಟ್ಟುವ ಸಾಲಿನಲ್ಲಿದ್ದೆ. ಅಮ್ಮ "ಹೂಂ ಸಾರ್" ಎಂದು ಎದ್ದು ಬಂದರು; ಬಿಪಿ ಗುಳಿಗೆಯ ಜೊತೆಗೆ ಅದನ್ನೂ ದಿನಾ ರಾತ್ರಿ ನುಂಗಿದರು. ಎಂಟನೆಯ ದಿನಕ್ಕೆ ಬಾಯಿ ತುಂಬ ಹುಣ್ಣು, ಗಂಜಿಯೂ ಗಂಟಲಲ್ಲಿ ಇಳಿಯದು. ಪರೀಕ್ಷಿಸಿದಾಗ ಬಿಳಿ ರಕ್ತಕಣಗಳು ಬಹಳ ಇಳಿದಿದ್ದವು. ವಾರವಿಡೀ ವಾರ್ಡಿನಲ್ಲಿ ಇರಬೇಕಾಯಿತು.

ಆ ವೈದ್ಯರನ್ನು ನಿರ್ಲಕ್ಷ್ಯದವರೆಂದು ನಾನು ಹೇಳಲಾರೆ. ಅವರು ಹೇಳಬೇಕಾದುದನ್ನು ಹೇಳಿದ್ದರು. ಆದರೆ ನಮ್ಮ ಕಡೆಯ ಹಿರಿಯರಿಗೆ ಡಾಕ್ಟರ ಎದುರು "ತಿಳಿಯಲಿಲ್ಲ" ಎನ್ನುವುದೇ ಅಗೌರವವೆನಿಸುತ್ತದೆ. ಬಾಗಿಲಲ್ಲಿ ಇನ್ನೂ ಮೂವತ್ತು ಜನ ಕಾದಿರುವಾಗಲಂತೂ ಎಲ್ಲ ಪ್ರಶ್ನೆಗೂ "ಹೂಂ" ಒಂದೇ ಉತ್ತರ.

ಕೆಲವು ತಿಂಗಳ ನಂತರ, ಕಡಿಮೆ ಪ್ರಮಾಣದಲ್ಲಿ ಅದೇ ಗುಳಿಗೆಯನ್ನು ಮತ್ತೆ ಆರಂಭಿಸಿದಾಗ, ಬೇರೊಂದು ಆಸ್ಪತ್ರೆಯ ದಾದಿಯೊಬ್ಬರು ಮಂಚದ ಅಂಚಿನಲ್ಲಿ ಕುಳಿತು ಹೀಗೆ ಕೇಳಿದರು: "ಅಮ್ಮ, ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನಂಗೆ ಗೊತ್ತಾಗ್ಬೇಕು. ಮನೆಗೆ ಹೋದ್ಮೇಲೆ ಇದನ್ನ ಹೇಗೆ ತಗೋತೀರಾ, ನೀವೇ ಹೇಳಿ."

"ವಾರಕ್ಕೊಂದು."

"ಯಾವ ವಾರ?"

"ಸೋಮವಾರ. ಶಿವನ ವಾರ, ಮರೆಯಲ್ಲ."

"ಮಂಗಳವಾರ ನೋವು ಜಾಸ್ತಿ ಆದ್ರೆ?"

"ಇನ್ನೊಂದು ತಗೋತೀನಿ."

ನನ್ನ ಎದೆ ಧಸಕ್ಕೆಂದಿತು. ಅಷ್ಟೆಲ್ಲ ಅನುಭವಿಸಿದ ಮೇಲೂ ಅಮ್ಮನ ಲೆಕ್ಕದಲ್ಲಿ ಅದು ನೋವಿನ ಗುಳಿಗೆಯಾಗಿಯೇ ಉಳಿದಿತ್ತು. ದಾದಿ ಗದರಲಿಲ್ಲ; ಇದು ನೋವು ಬಂದಾಗ ನುಂಗುವ ಗುಳಿಗೆಯಲ್ಲ, ನಿಧಾನವಾಗಿ ರೋಗವನ್ನೇ ಹತೋಟಿಗೆ ತರುವಂಥದ್ದು ಎಂದು ಮತ್ತೊಮ್ಮೆ ಬಿಡಿಸಿ ಹೇಳಿ, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ "ಸೋಮವಾರ ಮಾತ್ರ" ಎಂದು ಬರೆದು, ಇನ್ನೊಮ್ಮೆ ಅಮ್ಮನ ಬಾಯಿಂದಲೇ ಹೇಳಿಸಿದರು. ಎಲ್ಲ ಸೇರಿ ಮೂರು ನಿಮಿಷವಾಗಿರಬಹುದು.

ಇದಕ್ಕೆ ವೈದ್ಯಲೋಕದಲ್ಲಿ "ಟೀಚ್ ಬ್ಯಾಕ್" ಎನ್ನುತ್ತಾರೆ. ಇದರಲ್ಲಿ ಪರೀಕ್ಷೆ ರೋಗಿಗಲ್ಲ, ಹೇಳಿದವರ ಹೇಳಿಕೆಗೆ. ಆ ದಾದಿ "ನಾನು ಸರಿಯಾಗಿ ಹೇಳಿದ್ನೋ" ಎಂದು ಶುರುಮಾಡಿದ್ದರಿಂದಲೇ ಅಮ್ಮ ಸಂಕೋಚವಿಲ್ಲದೆ ಬಾಯಿಬಿಟ್ಟರು. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ರೋಗಿಯೊಡನೆ ಮಾತನಾಡುವುದೂ ಕಲಿಕೆಯ ಭಾಗವಾಗಿದೆ, ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಜಾಗವಿದೆ. ಸ್ಥಳೀಯ ಭಾಷೆಯೆಂದರೆ ಪುಸ್ತಕದ ಕನ್ನಡ ಮಾತ್ರವಲ್ಲ ಎಂಬುದನ್ನೂ ಅಲ್ಲಿ ಕಲಿಸಬೇಕು. "ಸಂಕಟ ಆಗ್ತಿದೆ" ಎಂದು ಒಬ್ಬರು ಹೇಳಿದರೆ ಅದು ವಾಕರಿಕೆಯಿರಬಹುದು, ಎದೆಯ ಒತ್ತಡವಿರಬಹುದು, ಮಗನ ಚಿಂತೆಯೂ ಇರಬಹುದು. ಎಲ್ಲಿ, ಯಾವಾಗ, ಹೇಗೆ ಎಂದು ಕೇಳದೆ ಅದು ತಿಳಿಯುವುದಿಲ್ಲ.

ಹಳ್ಳಿಗಳಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಆಶಾ ಕಾರ್ಯಕರ್ತೆಯರೇ ಮಾಡುತ್ತಿದ್ದಾರೆ. ಜಗಲಿಯ ಮೇಲೆ ಕುಳಿತು ಅದೇ ಊರಿನ ಮಾತಿನಲ್ಲಿ ಕೇಳುವ ಅವರಿಗೆ ಬಾಣಂತಿಯ ಹಿಂಜರಿಕೆಯೂ ಅತ್ತೆಯ ಆಕ್ಷೇಪವೂ ಒಟ್ಟಿಗೇ ಕಾಣುತ್ತವೆ. ಅವರು ಕಂಡದ್ದನ್ನು ಆಸ್ಪತ್ರೆಯಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಾರೆಯೇ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರಲ್ಲಿ ನನ್ನದೊಂದು ವಿನಂತಿ. ಬಿಲ್ಲಿನ ಸಾಲಿಗೆ ಆಮೇಲೆ ಹೋಗಿ. ವೈದ್ಯರು ಮಾತನಾಡುವಾಗ ಪಕ್ಕದಲ್ಲಿರಿ. ಹೊರಬಂದು ಬಸ್ಸು ಹತ್ತುವ ಮೊದಲು ಬೆಂಚಿನ ಮೇಲೆ ಕುಳಿತು, ಒಂದೊಂದೇ ಗುಳಿಗೆಯನ್ನು ಅವರ ಅಂಗೈಯಲ್ಲಿಟ್ಟು, ಇದು ಯಾವಾಗ ಎಂದು ಅವರಿಂದಲೇ ಹೇಳಿಸಿ. ತಪ್ಪು ಬಂದರೆ ನಾಚಿಕೊಳ್ಳದೆ ಮತ್ತೆ ಒಳಗೆ ಹೋಗಿ ಕೇಳಿ.