ಪಾಪ, ಅವರೂ ಚೆನ್ನಾಗಿ ಆಡಿದ್ರು!

ಕ್ರಿಕೆಟ್ ಮ್ಯಾಚ್ ಗೆದ್ದಾಗ ಕುಣೀರಿ, ಯಾರು ಬೇಡ ಅಂದರು? ಆದರೆ ಕುಣಿದು ಮುಗಿದ ಮೇಲೆ ಪ್ರತಿ ಸಲ ಒಂದು ದೊಡ್ಡ ಮನಸ್ಸಿನ ನಾಟಕ ನಡೆಯುತ್ತಲ್ಲ, ಅದನ್ನು ಸಹಿಸೋಕೆ ಆಗಲ್ಲ.

2025ರ ಮಾರ್ಚ್ 9, ದುಬೈನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್. ನ್ಯೂಜಿಲೆಂಡ್ ವಿರುದ್ಧ 4 ವಿಕೆಟ್‌ಗಳಿಂದ ಗೆದ್ದೆವು. ಸರಿ, ಖುಷಿಯೇ. ದಾವಣಗೆರೆಯ ನಮ್ಮ ಬೀದಿಯಲ್ಲಿ ಸರಪಟಾಕಿ ಶುರುವಾಯಿತು. ಮಗಳಿಗೆ ಪಿಯುಸಿ ಪರೀಕ್ಷೆ. ನಾಯಿ ಮಂಚದಡಿ. ಸೈಲೆನ್ಸರ್ ಬಿಚ್ಚಿದ ಬೈಕುಗಳು ಜಯದೇವ ಸರ್ಕಲ್‌ಗೂ ನಮ್ಮ ಗೇಟಿಗೂ ಎಷ್ಟು ಸಲ ಓಡಾಡಿದವೋ!

ಬೆಳಗ್ಗೆ ಬೆಣ್ಣೆ ದೋಸೆ ಹೋಟೆಲಿನಲ್ಲಿ ಎದುರುಮನೆಯ ಅಣ್ಣ ಸಿಕ್ಕರು. ಕೂಗಿ ಕೂಗಿ ಗಂಟಲು ಕೂತಿದೆ. ದೋಸೆ ಮುರಿದು ಚಟ್ನಿಗೆ ಅದ್ದುತ್ತಾ, ಬಹಳ ಮೆತ್ತಗೆ, "ಪಾಪ, ಅವರೂ ಚೆನ್ನಾಗಿ ಆಡಿದ್ರು ಬಿಡ್ರಿ. ಅವರ ಟೀಮಿನ ರಚಿನ್ ರವೀಂದ್ರನ ಅಪ್ಪ ಅಮ್ಮ ನಮ್ಮ ಬೆಂಗಳೂರಿನೋರೇ ಅಲ್ವಾ?" ಅಂತಾರೆ.

ಅಲ್ಲಣ್ಣ, ಅದೇ ಹುಡುಗ ರಾತ್ರಿ ಬೌಂಡರಿ ಹೊಡೆದಾಗ ಅವನ ವಂಶವನ್ನೇ ಜಾಲಾಡಿದ್ದು ಯಾರು? ಗೋಡೆಯಾಚೆ ನಮಗೆ ಕೇಳಿಸಲಿಲ್ವಾ? 2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ ನಮ್ಮನ್ನು ಸೋಲಿಸಿದಾಗ ಈ ದೊಡ್ಡ ಮನಸ್ಸು ಯಾವ ಊರಿಗೆ ಹೋಗಿತ್ತು? ಆಗ ಪಿಚ್ ಸರಿಯಿಲ್ಲ, ಟಾಸ್ ಸರಿಯಿಲ್ಲ, ಕೊನೆಗೆ ನಾನು ಕೂತ ಕುರ್ಚಿಯೂ ಸರಿಯಿಲ್ಲ!

ಇಷ್ಟು ವಿನಯ ತೋರಿಸಿ, ಇನ್ನೊಂದು ದೋಸೆ ತರಿಸಿದರು. ಬಿಲ್ ಮಾತ್ರ ಸುಮ್ನೆ ನನ್ನ ಕಡೆ ಸರಿಯಿತು.